ನಿಲ್ಲಲೇಬೇಕಿದ್ದ ಊರು: ಕ್ಯಾಸಲ್‌ರಾಕ್‌ನ ರೈಲು ಪರಂಪರೆ, ಒಂದು ಪ್ರಕರಣ ಅಧ್ಯಯನ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಗೋವಾ ಗಡಿಗೆ ತಾಗಿಕೊಂಡು, ಸಹ್ಯಾದ್ರಿಯ ನೆತ್ತಿಯ ಮೇಲೆ ಕ್ಯಾಸಲ್‌ರಾಕ್ ಎಂಬ ಸಣ್ಣ ಊರಿದೆ. ದೂಧಸಾಗರ ಜಲಪಾತ ನೋಡಲು ಹೊರಟವರ ಬಾಯಲ್ಲಿ ಬಿಟ್ಟರೆ ಈಗ ಈ ಹೆಸರು ಹೆಚ್ಚು ಕೇಳಿಬರುವುದಿಲ್ಲ. ಆದರೆ 1892ರಿಂದ 1955ರವರೆಗೆ ರೈಲಿನಲ್ಲಿ ಗೋವಾಕ್ಕೆ ಹೋಗುವವರು, ಗೋವಾದಿಂದ ಬರುವವರು ಇಲ್ಲಿ ಗಂಟುಮೂಟೆ ಬಿಚ್ಚಿ ತೋರಿಸದೆ ಮುಂದೆ ಸಾಗುವಂತಿರಲಿಲ್ಲ. ಒಂದು ಕಡೆ ಬ್ರಿಟಿಷ್ ಇಂಡಿಯಾ, 1947ರ ನಂತರ ಸ್ವತಂತ್ರ ಭಾರತ; ಇನ್ನೊಂದು ಕಡೆ ಪೋರ್ಚುಗೀಸರ ಆಳ್ವಿಕೆಯ ಗೋವಾ. ನಡುವೆ ಈ ನಿಲ್ದಾಣ.

ಗದ್ದಲದಿಂದ ತುಂಬಿದ್ದ ಊರು ಸೊರಗಿದ್ದು ಹೇಗೆ, ಅಲ್ಲಿ ಉಳಿಸಿಕೊಳ್ಳಬೇಕಾದದ್ದು ಏನು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ಈ ಪ್ರಕರಣವನ್ನು ನೋಡಿದ್ದೇನೆ. ರೈಲು ಪರಂಪರೆ ಎಂದಾಕ್ಷಣ ನಾವು ಹಳೆಯ ಎಂಜಿನ್ನನ್ನು, ಹೆಂಚಿನ ಮಾಡಿನ ನಿಲ್ದಾಣವನ್ನು ನೆನೆಯುತ್ತೇವೆ. ಕ್ಯಾಸಲ್‌ರಾಕ್‌ನ ಸಂಗತಿ ಬೇರೆ. ಈ ಊರನ್ನು ಕಟ್ಟಿದ್ದು ರೈಲಿನ ಓಟವಲ್ಲ, ರೈಲು ಇಲ್ಲಿ ನಿಲ್ಲಲೇಬೇಕು ಎಂಬ ಅನಿವಾರ್ಯ. ಅದಕ್ಕೆ ಎರಡು ಕಾರಣಗಳಿದ್ದವು. ಒಂದನ್ನು ರಾಜಕೀಯ ತಂದಿತ್ತು, ಇನ್ನೊಂದನ್ನು ಬೆಟ್ಟ ತಂದಿತ್ತು. ಮೊದಲನೆಯದು ಅಳಿದುಹೋಯಿತು. ಎರಡನೆಯದು ಇಂದಿಗೂ ಇದೆ.

ಕಾರವಾರ ಕಳೆದುಕೊಂಡ ಹಳಿ

ಕಥೆ ಶುರುವಾಗುವುದು ಹತ್ತಿಯಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ಬರುವುದು ನಿಂತಿತು. ಧಾರವಾಡ, ಹುಬ್ಬಳ್ಳಿ, ಗದಗ ಸೀಮೆಯ ಎರೆಭೂಮಿಯ ಹತ್ತಿಗೆ ಚಿನ್ನದ ಬೆಲೆ ಬಂತು. ಅದನ್ನು ಸಮುದ್ರಕ್ಕೆ ತಲುಪಿಸುವ ಹತ್ತಿರದ ದಾರಿ ಯಾವುದು ಎಂಬ ಹುಡುಕಾಟದಲ್ಲಿ ಮೊದಲು ಕಂಡದ್ದು ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರನ್ನು ಬೆಳೆಸುವ ಆಸೆ ಇತ್ತು. ಘಟ್ಟದ ರಸ್ತೆಗಳಾದವು, ಹುಬ್ಬಳ್ಳಿಯಿಂದ ಕಾರವಾರಕ್ಕೆ ರೈಲು ತರುವ ಮಾತು ವರ್ಷಗಟ್ಟಲೆ ನಡೆಯಿತು. ಹಳಿ ಮಾತ್ರ ಬರಲಿಲ್ಲ.

ಬದಲಿಗೆ 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಅದರ ಪ್ರಕಾರ ಗೋವಾದ ಮರ್ಮಗೋವಾದಲ್ಲಿ ಬಂದರು ಕಟ್ಟಬೇಕು, ಅಲ್ಲಿಂದ ಘಟ್ಟ ಹತ್ತಿ ಹುಬ್ಬಳ್ಳಿಯ ಕಡೆಗೆ ರೈಲು ಹಾಕಬೇಕು, ಗೋವಾಕ್ಕೂ ಬ್ರಿಟಿಷ್ ಇಂಡಿಯಾಕ್ಕೂ ನಡುವಿನ ಸುಂಕದ ಗೋಡೆ ಬೀಳಬೇಕು. ಪ್ರತಿಯಾಗಿ ಗೋವಾದ ಉಪ್ಪಿನ ತಯಾರಿಕೆ ಬ್ರಿಟಿಷರ ಹಿಡಿತಕ್ಕೆ ಹೋಯಿತು, ಅದಕ್ಕೆ ಪರಿಹಾರವಾಗಿ ವರ್ಷಕ್ಕೆ 4 ಲಕ್ಷ ರೂಪಾಯಿ ನಿಗದಿಯಾಯಿತು. ಉಪ್ಪನ್ನು ಕೊಟ್ಟು ರೈಲನ್ನು ಪಡೆದ ಈ ವ್ಯವಹಾರ ಗೋವಾದ ಬಡವರ ಅಡುಗೆಮನೆಯನ್ನೇ ತಟ್ಟಿತು ಎಂಬುದನ್ನು ರೈಲಿನ ಸಾಹಸಗಾಥೆ ಹೇಳುವವರು ಮರೆಯಬಾರದು.

ಇದೇ ಹೊತ್ತಿಗೆ ಘಟ್ಟದ ಮೇಲೆ ಇನ್ನೊಂದು ಒತ್ತಡ ಹುಟ್ಟಿತ್ತು. 1876ರಿಂದ 1878ರವರೆಗಿನ ಬರ, ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರ ಎಂದು ಕರೆದದ್ದು, ಬಯಲುಸೀಮೆಯನ್ನು ಹಿಂಡಿ ಹಾಕಿತ್ತು. ಧಾನ್ಯ ಸಾಗಿಸಲು ದಾರಿಯಿಲ್ಲದೆ ಜನ ಸತ್ತದ್ದನ್ನು ಕಂಡ ಸರ್ಕಾರ ಬರ ನಿವಾರಣೆಯ ರೈಲುಗಳಿಗೆ ಕೈಹಾಕಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಗದಗ, ಬಳ್ಳಾರಿ, ಹುಬ್ಬಳ್ಳಿಗಳನ್ನು ಮೀಟರ್ ಗೇಜಿನಲ್ಲಿ, ಅಂದರೆ ಒಂದು ಮೀಟರ್ ಅಗಲದ ಹಳಿಯಲ್ಲಿ, ಬೆಸೆಯುತ್ತಾ ಪಶ್ಚಿಮಕ್ಕೆ ಸರಿಯಿತು. ಕೆಳಗಿನಿಂದ, 1881ರಲ್ಲಿ ಲಂಡನ್ನಿನ ಬಂಡವಾಳದಿಂದ ಸ್ಥಾಪಿತವಾದ ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ ಮರ್ಮಗೋವಾದಿಂದ ಪೂರ್ವಕ್ಕೆ ಹತ್ತಿತು. ಹೂಡಿದ ಹಣಕ್ಕೆ ಬಡ್ಡಿಯ ಖಾತರಿ ಕೊಟ್ಟದ್ದು ಪೋರ್ಚುಗೀಸ್ ಸರ್ಕಾರ. 1888ರಲ್ಲಿ ಎರಡೂ ಹಳಿಗಳು ಗಡಿಯ ನೆತ್ತಿಯಲ್ಲಿ ಕೂಡಿದವು. ಕೂಡಿದ ಜಾಗಕ್ಕೆ ಕ್ಯಾಸಲ್‌ರಾಕ್ ನಿಲ್ದಾಣವಾಯಿತು.

ಕಾರವಾರಕ್ಕೆ ಹುಬ್ಬಳ್ಳಿಯ ಹಳಿ ಇಂದಿಗೂ ಇಳಿದಿಲ್ಲ. ಹುಬ್ಬಳ್ಳಿ–ಅಂಕೋಲಾ ಮಾರ್ಗದ ಚರ್ಚೆ ಈಗಲೂ ನಡೆದೇ ಇದೆ. ಆಗ ನಿರ್ಧಾರ ಕಾರವಾರದ ಕಡೆಗೆ ವಾಲಿದ್ದರೆ ಕ್ಯಾಸಲ್‌ರಾಕ್ ಎಂಬ ಊರೇ ಇರುತ್ತಿರಲಿಲ್ಲ.

ಸುಂಕ ಬಂತು, ಊರು ಬೆಳೆಯಿತು

ಹಳಿ ಕೂಡಿದ ವರ್ಷದಲ್ಲಿ ಕ್ಯಾಸಲ್‌ರಾಕ್ ಸುಂಕದ ಠಾಣೆಯಾಗಿರಲಿಲ್ಲ. 1878ರ ಒಪ್ಪಂದ ಜಾರಿಯಲ್ಲಿದ್ದದ್ದರಿಂದ ಗಡಿಯಲ್ಲಿ ಸುಂಕವಿರಲಿಲ್ಲ. ಒಪ್ಪಂದದ ಅವಧಿ ಹನ್ನೆರಡು ವರ್ಷ. 1880ರ ಜನವರಿಯಲ್ಲಿ ಜಾರಿಗೆ ಬಂದದ್ದು 1892ರ ಜನವರಿಯಲ್ಲಿ ಮುಗಿಯಿತು, ಮತ್ತೆ ನವೀಕರಣವಾಗಲಿಲ್ಲ. ತೆರೆದ ಗಡಿಗಾಗಿ ಹಾಕಿದ ಹಳಿಯ ಮೇಲೆ, ಹಳಿ ಕೂಡಿ ನಾಲ್ಕೇ ವರ್ಷಗಳಲ್ಲಿ, ಸುಂಕದ ಗೇಟು ಬಿತ್ತು. ಬ್ರಿಟಿಷರ ತಪಾಸಣೆ ಕ್ಯಾಸಲ್‌ರಾಕ್‌ನಲ್ಲಿ, ಪೋರ್ಚುಗೀಸರದು ಘಟ್ಟದ ಬುಡದ ಕುಲೆಂನಲ್ಲಿ.

ರೈಲು ಯಾವ ಉದ್ದೇಶಕ್ಕೆ ಬಂತೋ ಆ ಉದ್ದೇಶ ಸೋತಾಗ ಈ ಊರು ಗೆದ್ದಿತು. ಮರ್ಮಗೋವಾದ ಕಡೆಗೆ ಹರಿಯಬೇಕಿದ್ದ ಹತ್ತಿ ನಿರೀಕ್ಷಿಸಿದಷ್ಟು ಬರಲಿಲ್ಲ. ಮುಂಬಯಿಯ ಮಾರುಕಟ್ಟೆ, ಅಲ್ಲಿನ ದಲ್ಲಾಳಿಗಳು, ಅತ್ತ ಹೋಗುವ ರೈಲುಗಳ ಅಗ್ಗದ ಬಾಡಿಗೆ ದರ, ಎಲ್ಲವೂ ಸೇರಿ ಸರಕನ್ನು ಪುಣೆಯ ದಾರಿಗೆ ಎಳೆದವು. ಗೋವಾದ ಖಜಾನೆ ವರ್ಷವರ್ಷವೂ ಬಡ್ಡಿಯ ಖಾತರಿಗಾಗಿ ಹಣ ಸುರಿಯಬೇಕಾಯಿತು. ಮಾರ್ಗವನ್ನು ನಡೆಸುವ ಹೊಣೆ 1902ರಲ್ಲಿ ಸದರ್ನ್ ಮರಾಠಾ ಕಂಪನಿಗೇ ಹೋಯಿತು. ಆ ಕಂಪನಿ 1908ರಲ್ಲಿ ಮದ್ರಾಸ್ ರೈಲ್ವೆಯೊಂದಿಗೆ ಕೂಡಿಕೊಂಡಿತು.

ಹತ್ತಿ ಬಾರದಿದ್ದರೂ ಜನ ಬಂದರು. ಉದ್ಯೋಗ ಅರಸಿ ಗೋವಾ ಬಿಟ್ಟವರ ದೊಡ್ಡ ಪ್ರವಾಹ ಈ ಘಟ್ಟವನ್ನು ಹತ್ತಿತು. ಅಡುಗೆಯವರು, ಸಂಗೀತಗಾರರು, ಹಡಗಿನ ಕೆಲಸದವರು, ದರ್ಜಿಗಳು, ಗುಮಾಸ್ತರು ಲೋಂಡಾ, ಬೆಳಗಾವಿ, ಮಿರಜ್, ಪುಣೆಯ ದಾರಿಯಾಗಿ ಮುಂಬಯಿ ಸೇರಿದರು. ಹಬ್ಬಕ್ಕೆ, ಮದುವೆಗೆ, ಸಾವಿಗೆ ಅದೇ ದಾರಿಯಲ್ಲಿ ಮರಳಿದರು. ಹೋಗುವಾಗಲೂ ಬರುವಾಗಲೂ ಅವರ ಪೆಟ್ಟಿಗೆಗಳು ಇಲ್ಲಿ ತೆರೆದುಕೊಂಡವು.

ಸುಂಕದ ತಪಾಸಣೆ ಎಂದರೆ ಹೊತ್ತು ಹಿಡಿಯುವ ಕೆಲಸ. ಒಬ್ಬೊಬ್ಬರ ಸಾಮಾನನ್ನೂ ಇಳಿಸಬೇಕು, ಬಿಚ್ಚಬೇಕು, ಲೆಕ್ಕ ಬರೆಯಬೇಕು, ಹಣ ಕಟ್ಟಿಸಿಕೊಳ್ಳಬೇಕು, ಮತ್ತೆ ಹೇರಬೇಕು. ರೈಲು ಹೀಗೆ ಕಾಯುವ ಜಾಗದಲ್ಲಿ ಹೊರೆ ಹೊರುವವರು ಬೇಕು, ಚಹಾ ಮಾರುವವರು ಬೇಕು, ಊಟದ ಖಾನಾವಳಿ ಬೇಕು, ಅಧಿಕಾರಿಗಳಿಗೆ ವಸತಿ ಬೇಕು, ಪೊಲೀಸರು ಬೇಕು. ಕಾಡಿನ ನಡುವೆ ಊರು ಕಟ್ಟಿಕೊಂಡದ್ದು ಹೀಗೆ. ಸುತ್ತಮುತ್ತ ಕುಣಬಿ ಮತ್ತು ಗೌಳಿ ಜನರ ಚದುರಿದ ನೆಲೆಗಳಷ್ಟೇ ಇದ್ದ ಕಡೆ ಕೊಂಕಣಿ, ಮರಾಠಿ, ಕನ್ನಡ, ಇಂಗ್ಲಿಷ್, ಪೋರ್ಚುಗೀಸ್ ಒಂದೇ ಪ್ಲಾಟ್‌ಫಾರಂ ಮೇಲೆ ಬೆರೆತವು. ಇಷ್ಟು ಭಾಷೆಗಳು ಹೀಗೆ ದಿನನಿತ್ಯ ಒಟ್ಟುಗೂಡಿದ ಸಣ್ಣ ಊರು ನಮ್ಮ ರಾಜ್ಯದಲ್ಲಿ ಇನ್ನೊಂದು ನನಗೆ ತೋಚುವುದಿಲ್ಲ.

ಬೆಟ್ಟ ಬೇಡಿದ ನಿಲುಗಡೆ

ಎರಡನೆಯ ಕಾರಣ ಬ್ರಾಗಾಂಝಾ ಘಟ್ಟ. ಪೋರ್ಚುಗಲ್ಲಿನ ರಾಜಮನೆತನದ ಹೆಸರನ್ನು ಹೊತ್ತ ಈ ಇಳಿಜಾರು ಕ್ಯಾಸಲ್‌ರಾಕ್‌ನಿಂದ ಕುಲೆಂವರೆಗೆ ಸುಮಾರು 26 ಕಿಲೋಮೀಟರ್ ಇದೆ. ನಡುವೆ ಕಾರಂಜೋಳ, ದೂಧಸಾಗರ, ಸೋನಾಲಿಯಂ ನಿಲ್ದಾಣಗಳು. ಇಷ್ಟು ದೂರದಲ್ಲಿ ಹಳಿ ಐನೂರು ಮೀಟರಿಗೂ ಹೆಚ್ಚು ಇಳಿಯುತ್ತದೆ. ತೀರಾ ಕಡಿದಾದ ಕಡೆಗಳಲ್ಲಿ ಮೂವತ್ತೇಳು–ನಲವತ್ತು ಅಡಿ ಮುಂದೆ ಸಾಗುವಷ್ಟರಲ್ಲಿ ಒಂದು ಅಡಿ ಕೆಳಗೆ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಉರುಳುವಾಗ ಇದು ಭಯಂಕರ ಇಳಿಜಾರು.

ಇಳಿಯುವ ರೈಲಿನ ಕಷ್ಟ ಬ್ರೇಕಿನದು. ಮೇಲೆ ನಿಂತು ಪ್ರತಿ ಡಬ್ಬಿಯ ಬ್ರೇಕನ್ನೂ ಪರೀಕ್ಷಿಸಿಕೊಂಡೇ ಹೊರಡಬೇಕು, ದಾರಿಯ ನಿಲ್ದಾಣಗಳಲ್ಲಿ ನಿಂತು ಹಿಡಿತ ಸಾಧಿಸಿಕೊಳ್ಳಬೇಕು. ಹಿಡಿತ ತಪ್ಪಿ ಓಡಿಬರುವ ರೈಲನ್ನು ಪಕ್ಕಕ್ಕೆ ತಿರುಗಿಸಿ ಏರಿನಲ್ಲಿ ನಿಲ್ಲಿಸಲು ಕ್ಯಾಚ್ ಸೈಡಿಂಗ್ ಎಂಬ ಬೇರೆಯದೇ ಹಳಿ ಇರುತ್ತದೆ. ಹತ್ತುವ ರೈಲಿನ ಕಷ್ಟ ಎಳೆತದ್ದು. ಮುಂದಿನ ಎಂಜಿನ್ ಒಂದೇ ಎಳೆದರೆ ಸಾಲದು, ಹಿಂದಿನಿಂದ ತಳ್ಳಲು ಬ್ಯಾಂಕರ್ ಎಂಜಿನ್‌ಗಳು ಬೇಕು. ಕುಲೆಂನಲ್ಲಿ ಜೋಡಿಸಿದ ಬ್ಯಾಂಕರನ್ನು ಕ್ಯಾಸಲ್‌ರಾಕ್‌ನಲ್ಲಿ ಬಿಡಿಸಬೇಕು. ಜೋಡಿಸಲು, ಬಿಡಿಸಲು, ಪರೀಕ್ಷಿಸಲು ರೈಲು ನಿಲ್ಲಬೇಕು.

ಹಬೆಯ ಕಾಲದಲ್ಲಿ ಈ ಕೆಲಸಕ್ಕೆ ಹಿಡಿಯುತ್ತಿದ್ದ ಕೈಗಳನ್ನು ಲೆಕ್ಕ ಹಾಕಿದರೆ ಊರಿನ ಗಾತ್ರ ಅರ್ಥವಾಗುತ್ತದೆ. ಘಟ್ಟ ಹತ್ತಿ ಬಂದ ಎಂಜಿನ್ನಿಗೆ ನೀರು ತುಂಬಬೇಕು, ಕಲ್ಲಿದ್ದಲು ಹೇರಬೇಕು, ಬೂದಿ ತೆಗೆಯಬೇಕು, ಎಣ್ಣೆ ಹಾಕಬೇಕು, ಬಾಯ್ಲರಿನ ಬೆಂಕಿ ಆರದಂತೆ ರಾತ್ರಿಯೆಲ್ಲ ಕಾಯಬೇಕು. ಡ್ರೈವರ್, ಫೈರ್‌ಮನ್, ಗಾರ್ಡ್, ಪಾಯಿಂಟ್ಸ್‌ಮನ್, ಫಿಟ್ಟರ್, ಗ್ಯಾಂಗ್‌ಮನ್ ಎಲ್ಲರೂ ಹತ್ತಿರದಲ್ಲೇ ಇರಬೇಕು. ಮಳೆಗಾಲದಲ್ಲಂತೂ ಗ್ಯಾಂಗ್‌ಮನ್‌ಗಳ ಕೆಲಸ ಜೀವವನ್ನೇ ಒತ್ತೆಯಿಡುವಂಥದ್ದು. ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಾಗವಿದು. ಗುಡ್ಡ ಕುಸಿದು ಹಳಿಯ ಮೇಲೆ ಬೀಳುವುದು ಈಗಲೂ ತಪ್ಪಿಲ್ಲ. 2021ರ ಜುಲೈನಲ್ಲಿ ದೂಧಸಾಗರ ಮತ್ತು ಸೋನಾಲಿಯಂ ನಡುವೆ ಭೂಕುಸಿತದಿಂದ ಪ್ರಯಾಣಿಕರ ರೈಲೊಂದು ಹಳಿ ತಪ್ಪಿತ್ತು. ಟಾರ್ಚು ಮತ್ತು ಸುತ್ತಿಗೆ ಹಿಡಿದು ಮಳೆಯ ರಾತ್ರಿಯಲ್ಲಿ ಹಳಿಯುದ್ದಕ್ಕೂ ನಡೆಯುವ ಕೆಲಸಗಾರನಿಲ್ಲದೆ ಈ ಮಾರ್ಗ ಒಂದು ಮಳೆಗಾಲವನ್ನೂ ದಾಟಲಾರದು. ಪರಂಪರೆಯ ಚರ್ಚೆಯಲ್ಲಿ ಅವನ ಹೆಸರು ಎಂಜಿನಿಯರನ ಹೆಸರಿಗಿಂತ ಮೊದಲು ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೂರು ಪೆಟ್ಟುಗಳು

ಮೊದಲ ಪೆಟ್ಟು ಬಿದ್ದದ್ದು ದೇಶ ಹೆಮ್ಮೆಪಡಬೇಕಾದ ಸಂದರ್ಭದಲ್ಲಿ. 1955ರ ಆಗಸ್ಟ್ 15ರಂದು ಗೋವಾ ವಿಮೋಚನೆಗಾಗಿ ನಿರಾಯುಧ ಸತ್ಯಾಗ್ರಹಿಗಳು ಹಲವು ಕಡೆಗಳಿಂದ ಗಡಿ ದಾಟಿದರು. ಕ್ಯಾಸಲ್‌ರಾಕ್‌ನ ರೈಲುಹಳಿಯ ದಾರಿಯೂ ಅದರಲ್ಲಿ ಒಂದು. ಪೋರ್ಚುಗೀಸರು ಗುಂಡು ಹಾರಿಸಿದರು. ಎಲ್ಲ ಕಡೆ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ತೆತ್ತರು. ಅದರ ಬೆನ್ನಿಗೇ ಭಾರತ ಸರ್ಕಾರ ಗಡಿಯನ್ನು ಮುಚ್ಚಿತು, ರೈಲು ಸಂಚಾರವನ್ನು ಕಡಿದುಹಾಕಿತು. ಕ್ಯಾಸಲ್‌ರಾಕ್ ಏಕಾಏಕಿ ಹಳಿಯ ಕೊನೆಯ ನಿಲ್ದಾಣವಾಯಿತು. ಆರು ವರ್ಷಗಳ ನಂತರ, 1961ರ ಡಿಸೆಂಬರ್‌ನಲ್ಲಿ ಪಕ್ಕದ ಅನಮೋಡ ಘಟ್ಟದ ರಸ್ತೆಯಲ್ಲಿ ಸೇನೆ ಗೋವಾಕ್ಕೆ ಇಳಿಯಿತು, ಡಿಸೆಂಬರ್ 19ಕ್ಕೆ ಗೋವಾ ಸ್ವತಂತ್ರವಾಯಿತು. ರೈಲು ಮತ್ತೆ ಓಡಿತು. ಗಡಿ ಹೋಗಿತ್ತು, ಗಡಿಯ ಜೊತೆಗೆ ಸುಂಕದವರೂ ಹೋಗಿದ್ದರು. ದೇಶಕ್ಕೆ ದಕ್ಕಿದ ಬಿಡುಗಡೆಯ ಬೆಲೆಯಲ್ಲಿ ಒಂದು ಪಾಲನ್ನು ಈ ಊರು ತೆತ್ತಿತು ಎಂಬುದನ್ನು ಯಾವ ಫಲಕವೂ ಸಾರುವುದಿಲ್ಲ.

ಎರಡನೆಯ ಪೆಟ್ಟು ನಿಧಾನವಾಗಿ ಬಿತ್ತು. 1960ರ ದಶಕದಿಂದ ದೇಶದ ಮೀಟರ್ ಗೇಜಿಗೆ ಬಂದ ವೈಡಿಎಂ-4 ಡೀಸೆಲ್ ಎಂಜಿನ್‌ಗಳು ಕ್ರಮೇಣ ಈ ಘಟ್ಟಕ್ಕೂ ಬಂದವು. ನೀರು, ಕಲ್ಲಿದ್ದಲು, ಬೂದಿಯ ಕೆಲಸ ಇಲ್ಲವಾಯಿತು. 1990ರ ದಶಕದಲ್ಲಿ ಮಾರ್ಗ ಅಗಲ ಹಳಿಯ ಬ್ರಾಡ್‌ಗೇಜ್ ಆಯಿತು. ಎಂಜಿನ್‌ಗಳ ಬಲ ಹೆಚ್ಚಿತು, ಬೇಕಾಗುವ ಜನ ಕಡಿಮೆಯಾದರು.

ಮೂರನೆಯದು 1998ರಲ್ಲಿ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆ. ಅದುವರೆಗೆ ಮುಂಬಯಿಯಿಂದ ಗೋವಾಕ್ಕೆ ರೈಲಿನಲ್ಲಿ ಹೋಗುವವರು ಘಟ್ಟದ ಮೇಲಿನ ಸುತ್ತುದಾರಿ ಹಿಡಿಯಬೇಕಿತ್ತು. 1971ರಲ್ಲಿ ಪುಣೆ–ಮಿರಜ್ ಬ್ರಾಡ್‌ಗೇಜ್ ಆದ ಮೇಲೆ ಮಿರಜ್‌ನಲ್ಲಿ ಇಳಿದು ಮೀಟರ್ ಗೇಜ್ ರೈಲು ಹತ್ತುವುದು ಒಂದು ತಲೆಮಾರಿನ ಗೋವನ್ನರಿಗೆ ರೂಢಿಯಾಗಿಬಿಟ್ಟಿತ್ತು. ಕರಾವಳಿಯುದ್ದಕ್ಕೂ ನೇರ ಹಳಿ ಬಿದ್ದದ್ದೇ, ಊರಿಗೆ ಜೀವ ತುಂಬಿದ್ದ ಆ ಜನರೂ ದಾರಿ ಬದಲಿಸಿದರು.

ಈ ಮೂರರಲ್ಲಿ ಊರಿಗೆ ಹೆಚ್ಚು ನೋವು ಕೊಟ್ಟದ್ದು ಮೊದಲನೆಯದು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸುಂಕದ ಅಧಿಕಾರಿಗಳು ವರ್ಗವಾಗಿ ಬಂದವರು, ವರ್ಗವಾಗಿ ಹೋದರು. ಮನೆ ಹೂಡಿ, ಮಕ್ಕಳನ್ನು ಇಲ್ಲಿಯೇ ಬೆಳೆಸಿದವರು ಹಬೆ ಎಂಜಿನ್ನಿನ ಕೆಲಸಗಾರರು. ಕ್ವಾರ್ಟರ್ಸ್ ಖಾಲಿಯಾಗತೊಡಗಿದ್ದು ಅವರ ಕೆಲಸ ಕರಗಿದಾಗ.

ಈಗಿನ ಸ್ಥಿತಿ

ಹಳಿ ಈಗಲೂ ದುಡಿಯುತ್ತಿದೆ, ಹೊರೆಯ ದಿಕ್ಕು ಮಾತ್ರ ಬದಲಾಗಿದೆ. ಗೋವಾ ವಿಮೋಚನೆಯ ನಂತರದ ದಶಕಗಳಲ್ಲಿ ಬಳ್ಳಾರಿ–ಹೊಸಪೇಟೆಯ ಅದಿರು ರಫ್ತಿಗಾಗಿ ಘಟ್ಟ ಇಳಿಯುತ್ತಿತ್ತು. ಈಗ ಮರ್ಮಗೋವಾದಲ್ಲಿ ಇಳಿದ ಕಲ್ಲಿದ್ದಲು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಗೆ ಘಟ್ಟ ಹತ್ತುತ್ತದೆ. ತುಂಬಿದ ರೈಲು ಇಳಿಯುವುದಕ್ಕಿಂತ ಹತ್ತುವುದಕ್ಕೆ ಬ್ಯಾಂಕರ್‌ಗಳು ಹೆಚ್ಚು ಬೇಕು. ಹಾಗಾಗಿ 1888ರ ಇಳಿಜಾರು ಇಂದಿನ ಬಲಿಷ್ಠ ಎಂಜಿನ್‌ಗಳನ್ನೂ ನಿಲ್ಲಿಸಿ, ಜೊತೆಗಾರರನ್ನು ಕಟ್ಟಿಸಿಕೊಳ್ಳುವಂತೆ ಮಾಡುತ್ತಿದೆ.

ಈ ಹೊರೆಯನ್ನು ಹೆಚ್ಚಿಸಲು ಕ್ಯಾಸಲ್‌ರಾಕ್–ಕುಲೆಂ ಜೋಡಿಮಾರ್ಗದ ಯೋಜನೆ ಬಂತು. ಹಳಿ ಹಾದುಹೋಗುವುದು ಗೋವಾದ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲೆಂ ರಾಷ್ಟ್ರೀಯ ಉದ್ಯಾನದ ಕಾಡಿನಲ್ಲಿ. ಮೇಲ್ಭಾಗದಲ್ಲಿ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿದೆ. ಗೋವಾದಲ್ಲಿ ದೊಡ್ಡ ಪ್ರತಿರೋಧ ಎದ್ದಿತು. ಸುಪ್ರೀಂ ಕೋರ್ಟ್ ನೇಮಿಸಿದ ಕೇಂದ್ರ ಉನ್ನತಾಧಿಕಾರ ಸಮಿತಿ, ಇಷ್ಟು ಕಡಿದಾದ ಘಟ್ಟದಲ್ಲಿ ಇನ್ನೊಂದು ಹಳಿ ಹಾಕಿದರೂ ಸಾಮರ್ಥ್ಯ ಅಲ್ಪವೇ ಹೆಚ್ಚುತ್ತದೆ, ಕಾಡಿಗಾಗುವ ಹಾನಿಗೆ ಅದು ಸಮನಲ್ಲ ಎಂಬ ನಿಲುವು ತಳೆಯಿತು. 2022ರ ಮೇ ತಿಂಗಳಲ್ಲಿ ಕೋರ್ಟ್ ಯೋಜನೆಗೆ ದೊರೆತಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ರದ್ದುಪಡಿಸಿತು. ಕಾಡಿಗಾಗಿ ನಡೆದ ಈ ಹೋರಾಟ ಒಂದು ಪಾರಂಪರಿಕ ಮಾರ್ಗದ ರೂಪವನ್ನೂ ಕಾಪಾಡಿತು. ಅದನ್ನು ಆ ದೃಷ್ಟಿಯಿಂದ ಗುರುತಿಸಿದವರು ಕಡಿಮೆ.

ಉಳಿಸಬೇಕಾದದ್ದು ಏನು?

ಡಾರ್ಜಿಲಿಂಗ್ ರೈಲು 1999ರಲ್ಲಿ, ನೀಲಗಿರಿ ರೈಲು 2005ರಲ್ಲಿ, ಕಾಲ್ಕಾ–ಶಿಮ್ಲಾ 2008ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅಲ್ಲಿ ಹಳೆಯ ಗೇಜ್ ಹಾಗೆಯೇ ಇದೆ. ಕ್ಯಾಸಲ್‌ರಾಕ್‌ನಲ್ಲಿ ಹಳಿ, ಸ್ಲೀಪರ್, ಡಬ್ಬಿ, ಎಂಜಿನ್ ಎಲ್ಲವೂ ಬದಲಾಗಿವೆ. ಹಾಗಾದರೆ ಇಲ್ಲಿ ಪರಂಪರೆಯೇ ಉಳಿದಿಲ್ಲ ಎನ್ನುವವರಿದ್ದಾರೆ. ಆದರೆ ಬೆಟ್ಟವನ್ನು ಕೊರೆದು ಹತ್ತೊಂಬತ್ತನೆಯ ಶತಮಾನದಲ್ಲಿ ಆರಿಸಿದ ಜಾಡು ಬಹುಮಟ್ಟಿಗೆ ಉಳಿದಿದೆ. ಆ ಜಾಡು ಹೇರಿದ ಕೆಲಸದ ಕ್ರಮವೂ ಉಳಿದಿದೆ. ಬ್ರೇಕ್ ಪರೀಕ್ಷೆ, ಬ್ಯಾಂಕರ್ ಜೋಡಣೆ, ಮಳೆಗಾಲದ ಗಸ್ತು, ಇವು ಗಡಿ ಮುಚ್ಚಿದ್ದ ಆರು ವರ್ಷ ಬಿಟ್ಟರೆ ನೂರಮೂವತ್ತು ವರ್ಷಗಳಿಂದ ನಡೆದುಬಂದ ಕಸುಬು. ಸಂಗ್ರಹಾಲಯದ ಗಾಜಿನ ಹಿಂದೆ ಇಡಲಾಗದ ಈ ಕಸುಬೇ ಕ್ಯಾಸಲ್‌ರಾಕ್‌ನ ನಿಜವಾದ ಆಸ್ತಿ.

ಆದ್ದರಿಂದ ಇಲ್ಲಿ ಹಳೆಯ ಬೋಗಿಯೊಂದನ್ನು ತಂದು ಬಣ್ಣ ಬಳಿದು ಹೋಟೆಲ್ ಮಾಡುವ ಯೋಜನೆ ಬೇಡ. ದೂಧಸಾಗರಕ್ಕೆ ಇನ್ನಷ್ಟು ಪ್ರವಾಸಿಗರನ್ನು ನುಗ್ಗಿಸುವುದೂ ಬೇಡ. ಕ್ಯಾಸಲ್‌ರಾಕ್‌ನಿಂದ ಹಳಿಯ ಮೇಲೆ ನಡೆದು ಹೋಗುವುದು ಅಪಾಯ, ಕಾನೂನುಬಾಹಿರ; ರೈಲ್ವೆ ಅದನ್ನು ತಡೆಯುತ್ತಿರುವುದು ಸರಿಯಾಗಿಯೇ ಇದೆ. ಆದರೆ ತಡೆಯುವುದರ ಜೊತೆಗೆ ನಿಲ್ದಾಣದಲ್ಲೇ ನೋಡಲು, ತಿಳಿಯಲು ಏನಾದರೂ ಕೊಡಬೇಕು. ಬ್ಯಾಂಕರ್‌ಗಾಗಿ ರೈಲು ನಿಂತಿರುವ ಹೊತ್ತಿನಲ್ಲಿ ಪ್ರಯಾಣಿಕನ ಕಣ್ಣಿಗೆ ಬೀಳುವಂತೆ ಗಡಿಯ, ಸುಂಕದ, ಸತ್ಯಾಗ್ರಹದ, ಘಟ್ಟದ ವಿವರಗಳನ್ನು ಕನ್ನಡ, ಕೊಂಕಣಿ, ಇಂಗ್ಲಿಷ್‌ಗಳಲ್ಲಿ ಬರೆದ ಫಲಕಗಳು ಪ್ಲಾಟ್‌ಫಾರಂನಲ್ಲೇ ಇರಲಿ. ಖರ್ಚು ತೀರಾ ಕಡಿಮೆ, ಕಾಡಿಗೆ ಹಾನಿಯಿಲ್ಲ.

ತೊಡಕು ಇರುವುದು ಹೊಣೆಯಲ್ಲಿ. ಊರು ಉತ್ತರ ಕನ್ನಡದ್ದು, ನಿಲ್ದಾಣ ಹುಬ್ಬಳ್ಳಿ ಕೇಂದ್ರವಾಗಿರುವ ನೈರುತ್ಯ ರೈಲ್ವೆಯದು, ಸುತ್ತಲಿನ ಕಾಡು ಅರಣ್ಯ ಇಲಾಖೆಯದು, ನೆನಪಿನ ಅರ್ಧ ಪಾಲು ಗೋವಾದ್ದು, ಕಂಪನಿ ನಡೆದದ್ದು ಲಂಡನ್ನಿನಿಂದ, ಖಾತರಿ ಕೊಟ್ಟದ್ದು ಲಿಸ್ಬನ್ನು. ಹತ್ತು ದಾಯಾದಿಗಳ ಹೊಲದಂತೆ ಎಲ್ಲರಿಗೂ ಸೇರಿದ್ದು, ಯಾರೂ ಉಳದೆ ಬಿದ್ದಿದೆ. 2020ರಲ್ಲಿ ಹುಬ್ಬಳ್ಳಿಯಲ್ಲಿ ರೈಲ್ವೆ ವಸ್ತುಸಂಗ್ರಹಾಲಯ ತೆರೆದಿದೆ. ಕ್ಯಾಸಲ್‌ರಾಕ್‌ಗೆ ಸಂಬಂಧಿಸಿದ ನಕ್ಷೆ, ಚಿತ್ರ, ದಾಖಲೆಗಳ ಪ್ರತಿಗಳನ್ನು ಒಂದೆಡೆ ಕೂಡಿಸುವ ಕೆಲಸಕ್ಕೆ ಅದೇ ನೆಲೆಯಾಗಬಹುದು.

ಎಲ್ಲಕ್ಕಿಂತ ತುರ್ತಾದದ್ದು ಮಾತಿನ ದಾಖಲೆ. 1961ರಲ್ಲಿ ಇಪ್ಪತ್ತು ವರ್ಷದವರಾಗಿದ್ದವರು ಈಗ ಎಂಬತ್ತು ದಾಟಿದ್ದಾರೆ. ಹಬೆ ಎಂಜಿನ್ನಿನ ಫೈರ್‌ಮನ್‌ಗಳು, ಘಟ್ಟದ ಗ್ಯಾಂಗ್‌ಮನ್‌ಗಳು, ಸುಂಕದ ಕಾಲದಲ್ಲಿ ಇಲ್ಲಿ ಬಾಲ್ಯ ಕಳೆದವರು ಹುಬ್ಬಳ್ಳಿ, ಲೋಂಡಾ, ಬೆಳಗಾವಿ, ಮಡಗಾಂವ್‌ಗಳಲ್ಲಿ ಚದುರಿಹೋಗಿದ್ದಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಗೋವಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗಗಳು ಕೂಡಿ, ಕನ್ನಡವನ್ನೂ ಕೊಂಕಣಿಯನ್ನೂ ಬಲ್ಲ ವಿದ್ಯಾರ್ಥಿಗಳ ಒಂದು ತಂಡವನ್ನು ಕಟ್ಟಿ, ಈ ಜನರ ಮಾತುಗಳನ್ನು ಧ್ವನಿಮುದ್ರಿಸಬೇಕು. ಇದಕ್ಕೆ ಯಾವ ಇಲಾಖೆಯ ಅನುಮತಿಯೂ ಬೇಕಿಲ್ಲ, ಕಟ್ಟಡವೂ ಬೇಕಿಲ್ಲ. ಬರುವ ಮಳೆಗಾಲಕ್ಕೆ ಮೊದಲೇ ಶುರುಮಾಡಬಹುದು, ನಿವೃತ್ತ ರೈಲ್ವೆ ನೌಕರರ ಪಿಂಚಣಿದಾರರ ಸಂಘಗಳ ಬಾಗಿಲು ತಟ್ಟಿದರೆ ಹೆಸರುಗಳ ಮೊದಲ ಪಟ್ಟಿ ಅಲ್ಲಿಯೇ ಸಿಗುತ್ತದೆ.